ತರಕಾರಿ ನಾನೇ ಆರಿಸಬೇಕು: ಮೈಸೂರಿನ ಮಾರುಕಟ್ಟೆಗಳಲ್ಲಿ ಮೂರು ತಿಂಗಳು

ಸಂಕ್ರಾಂತಿಯ ಹಿಂದಿನ ದಿನ ನಮ್ಮ ಸಮುಚ್ಚಯದ ವ್ಯಾನಿನಲ್ಲಿ ಹನ್ನೊಂದು ಜನ ಎಂ.ಜಿ. ರೋಡ್ ಮಾರ್ಕೆಟ್ಟಿಗೆ ಹೋಗಿ ಅವರೆಕಾಯಿ, ಗೆಣಸು, ಕಬ್ಬು, ಸೊಪ್ಪು ತಂದೆವು. ಹನ್ನೊಂದು ಜನರ ವಯಸ್ಸೂ ಅರವತ್ತರ ಮೇಲೆ. ಕೇಳಿದರೆ ಇದರಲ್ಲೇನಿದೆ ಅನ್ನಿಸಬಹುದು. ಆದರೆ ಈ ಒಂದು ಬೆಳಗ್ಗೆಗೆ ನನಗೆ ಮೂರು ತಿಂಗಳು ಹಿಡಿಯಿತು. ಅರ್ಜಿ, ಸಹಿ, ಆಧಾರ್, ಬಸ್ಸು, ಮಂಡಿನೋವು ಎಲ್ಲ ಅದರಲ್ಲಿ ಸೇರಿವೆ. ಕೆಲಸದಿಂದ ನಿವೃತ್ತರಾಗಿ ಮೈಸೂರಿಗೆ ಬಂದು ನೆಲೆಸುವವರು ಜಾಸ್ತಿ ಆಗುತ್ತಿದ್ದಾರೆ. ನನ್ನ ಹಾಗೆ ಅವರು ಅಲೆಯಬಾರದು ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಮನೆಯವರು ಮೈಸೂರಿನಲ್ಲಿ ಓದಿದವರು. ಕೆಲಸ ಸಿಕ್ಕಿ ಮುಂಬಯಿಗೆ ಹೋದರು. ಡೊಂಬಿವಲಿಯಲ್ಲಿ 31 ವರ್ಷ ಇದ್ದೆವು. ಅಲ್ಲಿ ಸಂತೆ, ಮಾರ್ಕೆಟ್ಟು ಎಲ್ಲ ಅವರದೇ. ಕೆಲಸ ಮುಗಿಸಿ ಸ್ಟೇಷನ್ನಿನಲ್ಲಿ ಇಳಿದು, ಚೀಲ ತುಂಬಿಸಿಕೊಂಡೇ ಮನೆಗೆ ಬರುತ್ತಿದ್ದರು. ನಾನು ತಂದರೆ ಅವರಿಗೆ ಸಮಾಧಾನ ಇರುತ್ತಿರಲಿಲ್ಲ. ಹೋದ ವರ್ಷ ಅವರಿಗೆ ಮಂಡಿ ಆಪರೇಷನ್ ಆಯಿತು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಮಗಳು ಪುಣೆಯಲ್ಲಿ. ಅವಳ ಹತ್ತಿರ ಹೋಗೋದಕ್ಕಿಂತ ನಮ್ಮ ಕಡೆಯೇ ಹೋಗೋಣ ಅಂತ ಇವರು ಹಟ ಹಿಡಿದರು. ಮೈಸೂರನ್ನು ಹಿಂದಿನಿಂದಲೂ ಪಿಂಚಣಿದಾರರ ಸ್ವರ್ಗ ಅಂತಾರಲ್ವಾ. ನಂಜನಗೂಡು ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ ಇರುವ ಹಿರಿಯರ ವಸತಿ ಸಮುಚ್ಚಯದಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದೆವು. ಅರವತ್ತನಾಲ್ಕು ಮನೆಗಳು, ಒಂದು ಊಟದ ಹಾಲ್, ನರ್ಸ್, ಒಂದು ವ್ಯಾನ್. ನೆಂಟರು ಇದನ್ನು ವೃದ್ಧಾಶ್ರಮ ಅಂದಾಗ ನನಗೆ ಬೇಸರವಾಗುತ್ತದೆ. ಇಲ್ಲಿ ನಾವು ನಮ್ಮ ಮನೆಯಲ್ಲಿ ನಮ್ಮ ಒಲೆ ಹಚ್ಚಿ ಬದುಕುತ್ತಿದ್ದೇವೆ.

ಒಲೆ ಇದೆ, ತರಕಾರಿ ಎಲ್ಲಿಂದ? ಸಮುಚ್ಚಯದ ಒಳಗೆ ಒಂದು ಸಣ್ಣ ಅಂಗಡಿ. ಅಲ್ಲಿ ಬೀನ್ಸು, ಬೆಂಡೆ ಎಲ್ಲ ಪ್ಲಾಸ್ಟಿಕ್ ಸುತ್ತಿದ ತಟ್ಟೆಯಲ್ಲಿ ಬರುತ್ತವೆ. ಮೊಬೈಲಿನಲ್ಲಿ ಆರ್ಡರ್ ಮಾಡಿದರೂ ಮನೆ ಬಾಗಿಲಿಗೆ ಬರುತ್ತದೆ. ಎರಡೂ ಮಾಡಿ ನೋಡಿದೆವು. ಅಕ್ಟೋಬರ್‌ನಲ್ಲಿ ಒಂದು ದಿನ ಇವರು ಹುಳಿಗೆ ಹೆಚ್ಚಿಕೊಡುತ್ತೇನೆ ಅಂತ ಕೂತರು. ಒಂದು ಬೆಂಡೆಕಾಯಿ ತೆಗೆದು ತುದಿ ಮುರಿದರು. ಅದು ಮುರಿಯಲಿಲ್ಲ, ಬಾಗಿತು. ಇನ್ನೊಂದು ತೆಗೆದರು, ಅದೂ ಬಾಗಿತು. ಏಳೋ ಎಂಟೋ ನೋಡಿರಬೇಕು. ಆಮೇಲೆ ಚಾಕು ಪಕ್ಕಕ್ಕಿಟ್ಟು, "ಇದನ್ನ ಹೇಗೆ ತಿನ್ನೋದು ಕಣೇ, ಎಲ್ಲ ನಾರು" ಅಂದರು. ದನಿಯಲ್ಲಿ ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಕೈಯಲ್ಲಿ ಮುಟ್ಟಿ ನೋಡಿ ಆರಿಸುವ ಒಂದು ಕೆಲಸ ಅವರಿಗಿತ್ತು, ಅದು ಹೋಗಿತ್ತು. ಅವತ್ತು ರಾತ್ರಿಯೇ ನಿರ್ಧಾರ ಮಾಡಿದೆ: ರೈತರು ತಂದು ಮಾರುವ ಜಾಗ ಈ ಊರಲ್ಲಿ ಎಲ್ಲಿದೆ ಅಂತ ಹುಡುಕಲೇಬೇಕು.

ಮೊದಲು ಕಚೇರಿಗೆ ಹೋಗಿ ವ್ಯಾನ್ ಕೇಳಿದೆ. ವ್ಯಾನ್ ಮಂಗಳವಾರ ದೇವಸ್ಥಾನಕ್ಕೆ, ಶುಕ್ರವಾರ ಆಸ್ಪತ್ರೆಗೆ ಹೋಗುತ್ತದೆ. ಉಳಿದ ದಿನ ನಿಂತಿರುತ್ತದೆ. ಮ್ಯಾನೇಜರ್ ಒಳ್ಳೆಯ ಹುಡುಗ, ಮರ್ಯಾದೆಯಿಂದಲೇ ಮಾತಾಡಿದ. ಕನಿಷ್ಠ ಹತ್ತು ಜನರ ಸಹಿ ಇರುವ ಅರ್ಜಿ ಬೇಕು ಅಂದ, ಸರಿ ಅಂದೆ. ಯಾವ ಮಾರುಕಟ್ಟೆ, ಎಷ್ಟು ಹೊತ್ತು, ಕೂರಲು ಜಾಗ ಇದೆಯಾ, ಶೌಚಾಲಯ ಇದೆಯಾ ಅಂತ ಬರೆದುಕೊಡಿ ಅಂದ. ಅದೂ ನ್ಯಾಯವೇ. ಆಮೇಲೆ, "ಆಂಟಿ, ಬರೋರ ಮಕ್ಕಳಿಂದ ಒಂದೊಂದು ಒಪ್ಪಿಗೆ ಪತ್ರನೂ ಬೇಕು" ಅಂದ.

ನನಗೆ ಮಾತೇ ಹೊರಡಲಿಲ್ಲ. 29 ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವಳು ನಾನು. ಟೊಮೆಟೊ ತರಲು ಮಗಳ ಅನುಮತಿ ಪತ್ರ ತರಬೇಕಾ? ಮನೆಗೆ ಬಂದು ಅತ್ತೆ, ಅದನ್ನು ಮುಚ್ಚಿಡುವುದಿಲ್ಲ. ಮಾರನೇ ದಿನ ಮತ್ತೆ ಹೋದೆ. ಜವಾಬ್ದಾರಿ ನನ್ನದೇ ಅಂತ ನಾನೇ ಸಹಿ ಹಾಕಿಕೊಡುತ್ತೇನೆ, ಮಗಳ ಪತ್ರ ತರೋದಿಲ್ಲ ಅಂದೆ. ಇದು ಇತ್ಯರ್ಥ ಆಗಲು ಡಿಸೆಂಬರ್ ಆಯಿತು. ಇಂಥ ಜಾಗಗಳಿಗೆ ಸೇರುವವರು ಕರಾರಿಗೆ ಸಹಿ ಹಾಕುವ ಮೊದಲೇ ಕೇಳಿಕೊಳ್ಳಿ: ಗೇಟಿನಿಂದ ಹೊರಗೆ ಹೋಗಲು ಯಾರ ಅನುಮತಿ ಬೇಕು, ವ್ಯಾನ್ ಯಾವ ಯಾವುದಕ್ಕೆ ಸಿಗುತ್ತದೆ, ಅದರ ಖರ್ಚು ತಿಂಗಳ ಹಣದಲ್ಲಿ ಸೇರಿದೆಯಾ ಇಲ್ಲವಾ. ನಾವು ಈಜುಕೊಳದ ಬಗ್ಗೆ ಕೇಳಿದ್ದೆವು, ಇದನ್ನು ಕೇಳಿರಲಿಲ್ಲ.

ವ್ಯಾನ್ ಇಲ್ಲ ಅಂದ ಮೇಲೆ ಬಸ್ಸು. ನಮ್ಮ ಗೇಟಿನಿಂದ ನಂಜನಗೂಡು ರಸ್ತೆಗೆ ಆಟೊ, ಅಲ್ಲಿಂದ ಸಿಟಿ ಬಸ್ಸು. ಮೊದಲ ದಿನ ಹೆಮ್ಮೆಯಿಂದ ಆಧಾರ್ ತೋರಿಸಿದೆ. ಶಕ್ತಿ ಯೋಜನೆ 2023ರ ಜೂನ್‌ನಿಂದ ಇದೆಯಲ್ಲ, ಹೆಂಗಸರಿಗೆ ಉಚಿತ. ಕಂಡಕ್ಟರ್ ಕಾರ್ಡು ತಿರುಗಿಸಿ ನೋಡಿ, "ಅಮ್ಮ, ಇದು ಮಹಾರಾಷ್ಟ್ರದ ಅಡ್ರೆಸ್. ಇದಕ್ಕೆ ಫ್ರೀ ಬರಲ್ಲ. ಟಿಕೆಟ್ ತಗೊಳಿ" ಅಂದರು. ಅವರದ್ದೇನೂ ತಪ್ಪಿಲ್ಲ. ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಲೇಬೇಕು. ಹುಟ್ಟಿದ್ದು ಚಾಮರಾಜನಗರದ ಹತ್ತಿರ, ಮಾತು ಕನ್ನಡ, ಆದರೂ ಕಾಗದದ ಪ್ರಕಾರ ನಾನು ಹೊರಗಿನವಳು. ಟಿಕೆಟ್ಟಿನ ದುಡ್ಡು ದೊಡ್ಡದಲ್ಲ. ಆದರೂ ಮನಸ್ಸಿಗೆ ಚುರುಕ್ ಅಂತು.

ಆಧಾರ್ ವಿಳಾಸ ಬದಲಾಯಿಸಲು ಹೊರಟೆ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬೇರೆ ರಾಜ್ಯದಿಂದ ಬರುವ ದಂಪತಿಗಳಿಗೆಲ್ಲ ಇದೇ ಆಗುತ್ತದೆ. ಬಾಡಿಗೆ ಕರಾರು ಇವರ ಹೆಸರಿನಲ್ಲಿ ಮಾತ್ರ ಇತ್ತು. ಹಾಗಾಗಿ ಅದು ನನಗೆ ದಾಖಲೆಯಾಗಿ ನಡೆಯಲಿಲ್ಲ, ನನ್ನ ಅರ್ಜಿ ತಿರಸ್ಕಾರವಾಯಿತು. ಅದಕ್ಕೆ ಕುಟುಂಬದ ಮುಖ್ಯಸ್ಥರ ಮೂಲಕ ವಿಳಾಸ ಬದಲಿಸುವ ದಾರಿ ಇದೆ. ಮೊದಲು ಗಂಡನ ಆಧಾರ್‌ನಲ್ಲಿ ಹೊಸ ವಿಳಾಸ ಆಗಬೇಕು. ಆಮೇಲೆ ಹೆಂಡತಿ ಅವರ ಆಧಾರ್ ನಂಬರ್ ಕೊಟ್ಟು ಅರ್ಜಿ ಹಾಕಬೇಕು. ಅವರು ತಮ್ಮ ಲಾಗಿನ್‌ನಲ್ಲಿ ಹೋಗಿ ಒಪ್ಪಿಗೆ ಕೊಡಬೇಕು. 30 ದಿನದೊಳಗೆ ಒಪ್ಪಿಗೆ ಕೊಡದಿದ್ದರೆ ಅರ್ಜಿ ಮುಚ್ಚಿಹೋಗುತ್ತದೆ, ಕಟ್ಟಿದ ದುಡ್ಡೂ ವಾಪಸ್ ಬರುವುದಿಲ್ಲ. ನಮ್ಮ ಹತ್ತಿರ ಮದುವೆಯ ಸರ್ಟಿಫಿಕೇಟ್ ಇರಲಿಲ್ಲ. ಸಂಬಂಧಕ್ಕೆ ದಾಖಲೆ ಇಲ್ಲದವರು ಮುಖ್ಯಸ್ಥರಿಂದ ಸ್ವಯಂ ಘೋಷಣೆ ಬರೆಸಿ ಕೊಡಬಹುದು. ನಾವು ಹಾಗೇ ಮಾಡಿದೆವು.

ಇಷ್ಟು ತಿಳಿಯುವ ಮೊದಲು ಇನ್ನೊಂದು ಅಡ್ಡಿ ಬಂತು. ನನ್ನ ಆಧಾರ್‌ಗೆ ಜೋಡಿಸಿದ್ದ ಮುಂಬಯಿಯ ಹಳೇ ಮೊಬೈಲ್ ನಂಬರನ್ನು ಬಿಟ್ಟುಬಿಟ್ಟಿದ್ದೆ. ಓಟಿಪಿ ಎಲ್ಲಿಗೆ ಬರಬೇಕು? ಆಧಾರ್ ಕೇಂದ್ರಕ್ಕೆ ಹೋಗಿ ಟೋಕನ್ ಹಿಡಿದು, ಒಂಬತ್ತೂವರೆಗೆ ಕೂತವಳು ಒಂದು ಗಂಟೆಗೆ ಎದ್ದೆ. ಪಕ್ಕದಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ಅವರ ಬೆರಳಚ್ಚು ಮೆಷಿನ್ನಿಗೆ ಹತ್ತುತ್ತಿರಲಿಲ್ಲ. ಬೆರಳಿಗೆ ಸ್ವಲ್ಪ ಎಣ್ಣೆ ಸವರಿ, ಒರೆಸಿ, ಮತ್ತೆ ಮತ್ತೆ ಇಡುತ್ತಿದ್ದರು. ಊರು ಬಿಡುವ ಮೊದಲು ಹಳೇ ನಂಬರ್ ಬಿಡಬೇಡಿ. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಹಾಕಿಸಿ. ಈ ಎರಡು ಮಾಡಿದ್ದರೆ ನನ್ನ ಐದು ವಾರ ಉಳಿಯುತ್ತಿತ್ತು.

ಅಷ್ಟರಲ್ಲಿ ಟಿಕೆಟ್ ಕೊಟ್ಟೇ ಓಡಾಡುತ್ತಿದ್ದೆ. ಒಂದು ನೋಟ್ ಪುಸ್ತಕ ಮಾಡಿದೆ. ಪ್ರತಿ ಸಲ ಅವೇ ಐದು ಸಾಮಾನು: ಅರ್ಧ ಕೆಜಿ ಬೀನ್ಸು, ಒಂದು ಕೆಜಿ ಟೊಮೆಟೊ, ಅರ್ಧ ಕೆಜಿ ಬದನೆ, ಅರ್ಧ ಕೆಜಿ ಬೆಂಡೆ, ಒಂದು ಕಟ್ಟು ದಂಟಿನ ಸೊಪ್ಪು. ದರ ಎಷ್ಟು, ಮನೆಗೆ ಬಂದು ತೂಗಿದರೆ ಎಷ್ಟು, ಎಷ್ಟು ದಿನ ಬಾಳಿಕೆ ಬಂತು, ಹೋಗಿಬರುವ ಖರ್ಚೆಷ್ಟು, ಎಷ್ಟು ಮೆಟ್ಟಿಲು ಹತ್ತಬೇಕಾಯಿತು, ಎಲ್ಲಿ ಕೂತೆ, ಎಲ್ಲ ಬರೆಯುತ್ತಿದ್ದೆ. ಮಾರುಕಟ್ಟೆ ಹೋಲಿಸುವಾಗ ಎಲ್ಲರೂ ದರ ಒಂದನ್ನೇ ನೋಡುತ್ತಾರೆ. ನಮ್ಮ ವಯಸ್ಸಿಗೆ ಅದು ಸಾಲದು. ಕೆಜಿಗೆ ಹತ್ತು ರೂಪಾಯಿ ಉಳಿಸಿ ಆಟೊಗೆ ನೂರೈವತ್ತು ಕೊಟ್ಟರೆ ಏನು ಬಂತು? ಆರು ಕೆಜಿ ಚೀಲ ಹೊತ್ತು ಭುಜ ಹಿಡಿದುಕೊಂಡರೆ ಎರಡು ದಿನ ಅಡುಗೆಯೇ ಇಲ್ಲ.

ಮೊದಲು ಹೋಗಿದ್ದು ದೇವರಾಜ ಮಾರುಕಟ್ಟೆಗೆ. ಇವರು ಸಣ್ಣವರಿದ್ದಾಗ ಅವರಮ್ಮನ ಜೊತೆ ಹೋಗುತ್ತಿದ್ದ ಜಾಗ. ಸಿಟಿ ಬಸ್ ನಿಲ್ದಾಣದಲ್ಲಿ ಇಳಿದರೆ ಹತ್ತಿರ, ಚಿಕ್ಕ ಗಡಿಯಾರದ ಪಕ್ಕದಿಂದ ಒಳಗೆ ಹೋಗಬಹುದು. ನೂರು ವರ್ಷಕ್ಕೂ ಹಳೆಯ ಕಟ್ಟಡ. 2016ರ ಆಗಸ್ಟ್‌ನಲ್ಲಿ ಒಂದು ಭಾಗ ಕುಸಿದೇ ಹೋಗಿತ್ತು. ಆದರೂ ಒಳಗೆ ಕಾಲಿಟ್ಟರೆ ಮಲ್ಲಿಗೆ, ಕರ್ಪೂರ, ಬಾಳೆಹಣ್ಣು ಸೇರಿದ ಒಂದು ವಾಸನೆ ಬರುತ್ತದಲ್ಲ, ಅದು ಬೇರೆ ಎಲ್ಲೂ ಇಲ್ಲ. ಹೂವು, ವೀಳ್ಯದೆಲೆ, ಬಾಳೆಹಣ್ಣು, ಕುಂಕುಮ, ಪೂಜೆ ಸಾಮಾನಿಗೆ ನಾನು ಈಗಲೂ ಅಲ್ಲಿಗೇ ಹೋಗುತ್ತೇನೆ. ಹೂವನ್ನು ಮೊಳದ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ನಂಜನಗೂಡು ರಸಬಾಳೆ ಅಂತ ಕೂಗುವುದೆಲ್ಲ ರಸಬಾಳೆ ಅಲ್ಲ. ಸೊರಗು ರೋಗ ಬಂದು ಆ ಬೆಳೆ ಬಹಳ ಕಡಿಮೆಯಾಗಿದೆ, ಅದಕ್ಕೆ ಕೇಳಿ, ಒಂದು ಹಣ್ಣು ಸುಲಿದು ನೋಡಿ ತಗೊಳ್ಳಿ.

ತರಕಾರಿಯ ವಿಷಯಕ್ಕೆ ಬಂದರೆ, ಅಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ವ್ಯಾಪಾರಿಗಳು. ಬೇರೆ ಕಡೆಯಿಂದ ತಂದು ಮಾರುತ್ತಾರೆ. ನಾನು ತಂದ ಸೊಪ್ಪು ಎರಡನೇ ದಿನಕ್ಕೆ ಕಪ್ಪಾಯಿತು. ನೆಲ ಸಮ ಇಲ್ಲ, ಸದಾ ಒದ್ದೆ, ಜನ ತಳ್ಳಿಕೊಂಡು ಹೋಗುತ್ತಾರೆ. ಕೋಲು ಹಿಡಿದು ನಡೆಯುವವರಿಗೆ ಕಷ್ಟ. ಇವರನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಆಸೆ ನನಗೆ ಎಲ್ಲದಕ್ಕಿಂತ ಹೆಚ್ಚಿತ್ತು. ನೋಟ್ ಪುಸ್ತಕದಲ್ಲಿ "ಇವರಿಗೆ ಆಗಲ್ಲ" ಅಂತ ಬರೆಯುವಾಗ ಕೈ ತಡೆಯಿತು.

ನಮಗೆ ಹತ್ತಿರ ಇರುವುದು ಬಂಡಿಪಾಳ್ಯದ ಎಪಿಎಂಸಿ. ಹತ್ತಿರ ಇದೆ, ರೈತರೇ ಲೋಡ್ ತರುತ್ತಾರೆ, ಇದಕ್ಕಿಂತ ಒಳ್ಳೆಯದು ಇನ್ನೇನು ಅಂದುಕೊಂಡೆ. ಬೆಳಗಿನ ಜಾವ ಐದೂವರೆಗೆ ಪಕ್ಕದ ಮನೆಯವರ ಜೊತೆ ಹೋದೆ. ಅಲ್ಲಿ ಲಾರಿಗಳು ಹಿಂದೆ ಹಿಂದೆ ಬರುತ್ತಿರುತ್ತವೆ, ಹಮಾಲಿಗಳು ಮೂಟೆ ಹೊತ್ತು ಓಡುತ್ತಿರುತ್ತಾರೆ. ಅವರ ದಾರಿಗೆ ನಾವು ಅಡ್ಡ. ಅರ್ಧ ಕೆಜಿ ಬೀನ್ಸು ಕೇಳಿದರೆ ಯಾರೂ ತಿರುಗಿ ನೋಡಲಿಲ್ಲ. ಅದು ಸಗಟು ಜಾಗ, ಮೂಟೆ ಲೆಕ್ಕ, ಕ್ರೇಟ್ ಲೆಕ್ಕ. ಇನ್ನೊಂದು ಸಲ ಆರು ಮನೆಯವರು ದುಡ್ಡು ಸೇರಿಸಿ ಒಂದು ಕ್ರೇಟ್ ಟೊಮೆಟೊ, ಹತ್ತು ಕೆಜಿ ಬೀನ್ಸು ತಂದೆವು. ದರದಲ್ಲಿ ಒಳ್ಳೇ ಉಳಿತಾಯವೇ ಆಯಿತು. ಆದರೆ ಊಟದ ಹಾಲಿನ ಮೇಜಿನ ಮೇಲೆ ಸುರಿದು ಪಾಲು ಮಾಡುವಾಗ ಕ್ರೇಟಿನ ತಳದಲ್ಲಿದ್ದ ಒಡೆದ ಹಣ್ಣು ಯಾರಿಗೆ ಅಂತ ಮಾತು ಬಂತು. ಒಬ್ಬರು ಮುನಿಸಿಕೊಂಡು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಈಗ ಅಲ್ಲಿಂದ ಈರುಳ್ಳಿ, ಆಲೂಗಡ್ಡೆ ಮಾತ್ರ ತರಿಸುತ್ತೇವೆ, ತಿಂಗಳಿಗೊಮ್ಮೆ, ಎರಡು ಮೂಟೆ. ಕೆಡುವುದಿಲ್ಲ, ಜಗಳವೂ ಇಲ್ಲ.

ಹಾಪ್‌ಕಾಮ್ಸ್ ಬಗ್ಗೆ ಎರಡು ಮಾತು. 1959ರಲ್ಲಿ ಬೆಂಗಳೂರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದು ಅದು. ಅದರ ಹಿಂದೆ ಇದ್ದವರು ತೋಟಗಾರಿಕೆಯ ಡಾ. ಎಂ.ಎಚ್. ಮರಿಗೌಡರು. ರೈತರಿಂದ ನೇರ ಕೊಂಡು ಮಾರುವುದು ಅದರ ಕ್ರಮ. ಮೈಸೂರಿನಲ್ಲೂ ಮಳಿಗೆಗಳಿವೆ. ದರ ಬೋರ್ಡಿನಲ್ಲಿ ಬರೆದಿರುತ್ತದೆ, ಚೌಕಾಸಿ ಇಲ್ಲ, ತೂಕ ನನ್ನ ಪುಸ್ತಕದಲ್ಲಿ ಪ್ರತಿ ಸಲವೂ ಸರಿಯಾಗಿತ್ತು. ಒಬ್ಬರೇ ಹೋಗುವವರಿಗೆ, ಗದ್ದಲ ಆಗದವರಿಗೆ ಒಳ್ಳೆಯದು. ಹಣ್ಣಿಗೆ ನಾನು ಅಲ್ಲಿಗೇ ಹೋಗುತ್ತೇನೆ. ಸೊಪ್ಪು ಮಾತ್ರ ನಾನು ಹೋಗುವ ಹೊತ್ತಿಗೆ ಬಾಡಿರುತ್ತಿತ್ತು.

ತೂಕ ಅಂದಾಗ ನೆನಪಾಯಿತು. ಒಂದು ಕಡೆ ನಾನು ಒಂದು ಕೆಜಿ ಅಂತ ತಂದ ಟೊಮೆಟೊ ಮನೆಯಲ್ಲಿ 870 ಗ್ರಾಂ ತೂಗಿತು. ಮತ್ತೆ ತೂಗಿದೆ, ಅಷ್ಟೇ. ಯಾರು ಅಂತ ಬರೆಯುವುದಿಲ್ಲ. ಎಲ್ಲ ಕಡೆಯೂ ಒಬ್ಬಿಬ್ಬರು ಹಾಗಿರುತ್ತಾರೆ. ತಕ್ಕಡಿಗೆ, ಎಲೆಕ್ಟ್ರಾನಿಕ್ ಮೆಷಿನ್ನಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ಅದನ್ನು ನೋಡಿ. ಕೈಯಲ್ಲಿ ನೇತುಹಾಕಿ ತೂಗುವ ಸಣ್ಣ ಮೆಷಿನ್ ಸಿಗುತ್ತದೆ, ಸೂಟ್‌ಕೇಸ್ ತೂಗಲು ಇಟ್ಟುಕೊಳ್ಳುತ್ತಾರಲ್ಲ, ಅದೇ. ನಾನು ಅದನ್ನು ಚೀಲದಲ್ಲಿ ಕಾಣುವ ಹಾಗೆ ಇಟ್ಟುಕೊಂಡು ಹೋಗುತ್ತೇನೆ. ಹೊರಗೆ ತೆಗೆಯುವ ಸಂದರ್ಭ ಆಮೇಲೆ ಬಂದಿಲ್ಲ.

ನವೆಂಬರ್ ಕೊನೆಯಲ್ಲಿ ಎಂ.ಜಿ. ರೋಡ್ ಮಾರ್ಕೆಟ್ಟಿಗೆ ಹೋದೆ. ಮೊದಲ ಸಲ ಹತ್ತು ಗಂಟೆಗೆ ಹೋಗಿದ್ದೆ. ವಿಶೇಷ ಏನೂ ಕಾಣಲಿಲ್ಲ, ದರ ಪರವಾಗಿಲ್ಲ ಅಂತ ಬರೆದುಕೊಂಡು ಬಂದೆ. ನಮ್ಮ ಊಟದ ಹಾಲಿನ ಅಡುಗೆಯವರು ಆ ಪುಟ ನೋಡಿ, "ಹತ್ತು ಗಂಟೆಗೆ ಹೋದ್ರೆ ಏನಿರುತ್ತೆ ಅಮ್ಮ, ಆರೂವರೆಗೆ ಹೋಗಿ ನೋಡಿ" ಅಂದರು. ಹೋದೆ. ಅದೇ ರಸ್ತೆ, ಆದರೆ ಬೇರೆಯೇ ಮಾರುಕಟ್ಟೆ! ಸುತ್ತಲಿನ ಹಳ್ಳಿಗಳಿಂದ ಬಂದ ಹೆಂಗಸರು ಗೋಣಿಚೀಲ ಹಾಸಿ ಸೊಪ್ಪು ಹರಡಿಕೊಂಡು ಕೂತಿದ್ದರು. ದಂಟು, ಕೀರೆ, ಸಬ್ಬಸಿಗೆ, ಹೊನಗೊನೆ, ಬೆರಕೆ ಸೊಪ್ಪು. ಬೆರಕೆ ಸೊಪ್ಪು ಕಂಡು ನಾನು ಎಷ್ಟು ವರ್ಷವಾಗಿತ್ತೋ! ಹೊಲದ ಬದುವಿನಲ್ಲಿ ಬೆಳೆದ ಹತ್ತಾರು ಸೊಪ್ಪು ಸೇರಿಸಿ ಕಿತ್ತು ತಂದಿರುತ್ತಾರೆ, ಮಸ್ಸೊಪ್ಪಿಗೆ ಅದಕ್ಕಿಂತ ರುಚಿ ಇನ್ನೊಂದಿಲ್ಲ.

ಅಲ್ಲಿ ಒಬ್ಬರು ಅಜ್ಜಿ ಇದ್ದರು, ವರುಣದ ಕಡೆಯವರು. "ಯಾವಾಗ ಕಿತ್ತಿದ್ದು ಅವ್ವಾ?" ಅಂತ ಕೇಳಿದೆ. "ರಾತ್ರಿ ಕಿತ್ತದ್ದು ಕನವ್ವ, ಮಣ್ಣು ನೋಡು" ಅಂತ ಕಟ್ಟು ತಿರುಗಿಸಿ ಬೇರು ತೋರಿಸಿದರು. ಕೆಂಪು ಮಣ್ಣು ಇನ್ನೂ ಹಸಿ ಇತ್ತು, ಉಗುರಿನಿಂದ ಒತ್ತಿದರೆ ಅಂಟಿತು. ಆಮೇಲೆ ಅವರೇ ಹೇಳಿಕೊಟ್ಟರು. ಬೇರು ಕತ್ತರಿಸಿದ ಸೊಪ್ಪಾದರೆ ಕಾಂಡದ ತುದಿ ನೋಡಬೇಕು. ಬೆಳ್ಳಗೆ ಹಸಿ ಇದ್ದರೆ ಹೊಸದು, ಕಂದು ಬಂದಿದ್ದರೆ ನಿನ್ನೆ ಮೊನ್ನೆಯದು. ಮೇಲೆ ನೀರು ಚಿಮುಕಿಸಿ ಮಿಂಚಿಸಿದ್ದನ್ನು ನಂಬಬಾರದು, ಅದು ಬೇಗ ಕೊಳೆಯುತ್ತದೆ. ತಂದ ತಕ್ಷಣ ತೊಳೆಯಬಾರದು, ಮಣ್ಣು ಕೊಡವಿ ಒಣ ಬಟ್ಟೆಯಲ್ಲಿ ಸುತ್ತಿಡಬೇಕು. ಹಾಗೆ ಸುತ್ತಿಟ್ಟ ದಂಟು ನಮ್ಮ ಮನೆಯಲ್ಲಿ ಐದು ದಿನ ಬಂತು. ಒಳಗಿನ ಅಂಗಡಿಯದು ಎರಡು ದಿನ ಬರುತ್ತಿತ್ತು, ಅದೂ ಎಲೆ ಉದುರಿ.

ಅದಾದ ಮೇಲೆ ಒಂದು ಹೋಬಳಿ ಊರಿನ ವಾರದ ಸಂತೆಗೂ ಹೋಗಿಬಂದೆ. ದರ ಎಲ್ಲದಕ್ಕಿಂತ ಕಡಿಮೆ, ತರಕಾರಿ ಎಲ್ಲದಕ್ಕಿಂತ ಚೆನ್ನ. ಒಂದು ಗಂಟೆ ಬಸ್ಸು, ನೆರಳಿಲ್ಲ, ಹೆಂಗಸರಿಗೆ ಶೌಚಾಲಯ ಇಲ್ಲ. ಬಿಪಿ ಮಾತ್ರೆ ತಗೊಳ್ಳುವವರಿಗೆ ಇದು ಸಣ್ಣ ವಿಷಯ ಅಲ್ಲ. ವಾಪಸ್ ಬರುವ ಬಸ್ಸಿನಲ್ಲಿ ನಾನು ಪಟ್ಟ ಪಾಡು ನನಗೇ ಗೊತ್ತು. ಆ ಸಂತೆಗೆ ಮತ್ತೆ ಹೋಗಿಲ್ಲ.

ಡಿಸೆಂಬರ್ ಮಧ್ಯದಲ್ಲಿ ಪುಸ್ತಕ ತೆಗೆದುಕೊಂಡು ಕಚೇರಿಗೆ ಹೋದೆ. ಹದಿನಾಲ್ಕು ಸಹಿ ಇದ್ದವು. ಮ್ಯಾನೇಜರ್ ಪುಟ ತಿರುಗಿಸಿ ತಿರುಗಿಸಿ ನೋಡಿದ. ಮೆಟ್ಟಿಲು, ಶೌಚಾಲಯ, ಕೂರುವ ಜಾಗ ಎಲ್ಲ ಬರೆದಿದ್ದೆನಲ್ಲ, ಅದೇ ಕೆಲಸ ಮಾಡಿತು. ಮಕ್ಕಳ ಪತ್ರದ ಮಾತು ಕೈಬಿಟ್ಟರು. ಬರುವವರೇ ಸಹಿ ಹಾಕಿದರೆ ಸಾಕು, ಮನೆಯವರ ಫೋನ್ ನಂಬರ್, ತಗೊಳ್ಳುವ ಮಾತ್ರೆಗಳ ಹೆಸರು ಬರೆದ ಚೀಟಿ ಡ್ರೈವರ್ ಹತ್ತಿರ ಇರಬೇಕು ಅಂದರು. ಅದು ಒಳ್ಳೆಯ ಏರ್ಪಾಡು, ನಾನೂ ಒಪ್ಪಿದೆ. ಕೊನೇ ಗಳಿಗೆಯಲ್ಲಿ ಇನ್ನೊಂದು ತೊಡಕು: ಡ್ರೈವರ್ ಬರುವುದು ಎಂಟಕ್ಕೆ. ಎಂಟಕ್ಕೆ ಹೊರಟರೆ ಸೊಪ್ಪಿನವರು ಎದ್ದು ಹೋಗಿರುತ್ತಾರೆ. ಗುರುವಾರ ಒಂದು ದಿನ ಅವರು ಆರಕ್ಕೆ ಬರುವುದು, ಸಂಜೆ ಎರಡು ಗಂಟೆ ಮುಂಚೆ ಮನೆಗೆ ಹೋಗುವುದು ಅಂತ ಆಯಿತು. ತಲೆಗೆ 60 ರೂಪಾಯಿ ಡೀಸೆಲ್ ಖರ್ಚು. ನಾನು ಒಬ್ಬಳೇ ಆಟೊ, ಬಸ್ಸು ಹಿಡಿದು ಹೋಗಿಬಂದದ್ದಕ್ಕೆ ಒಂದು ಸಲಕ್ಕೆ ಇದರ ಮೂರು ಪಟ್ಟು ಆಗುತ್ತಿತ್ತು.

ಅದೇ ವಾರ ನನ್ನ ಆಧಾರ್‌ನಲ್ಲಿ ಹೊಸ ವಿಳಾಸ ಬಂತು. ಬಸ್ಸಿನ ಅವಶ್ಯಕತೆ ಈಗ ಕಡಿಮೆ. ಆದರೂ ಒಂದು ದಿನ ಬೇಕಂತಲೇ ಬಸ್ ಹತ್ತಿ ಕಾರ್ಡು ತೋರಿಸಿದೆ. ಕಂಡಕ್ಟರ್ ಏನೂ ಕೇಳದೆ ಶೂನ್ಯ ಟಿಕೆಟ್ ಹರಿದು ಕೊಟ್ಟರು. ಅದನ್ನು ನೋಟ್ ಪುಸ್ತಕದ ಒಳಗೆ ಅಂಟಿಸಿಟ್ಟಿದ್ದೇನೆ.

ಸಂಕ್ರಾಂತಿಯ ಹಿಂದಿನ ದಿನ ಇವರೂ ಬಂದರು. ಬೇಡ, ಚಳಿ ಇದೆ ಅಂದೆ, ಕೇಳಲಿಲ್ಲ. ವ್ಯಾನ್ ರಸ್ತೆ ಬದಿಯಲ್ಲೇ ನಿಲ್ಲಿಸಿದರು. ಇವರು ಕೋಲು ಊರಿಕೊಂಡು ಇಪ್ಪತ್ತು ಹೆಜ್ಜೆ ನಡೆದರು. ವರುಣದ ಅಜ್ಜಿ ಇವರನ್ನು ನೋಡಿ, ಪಕ್ಕದವರ ಖಾಲಿ ಕ್ರೇಟ್ ಎಳೆದು ಬೋರಲು ಹಾಕಿ, ಮೇಲೆ ಒಂದು ಗೋಣಿ ಮಡಚಿಟ್ಟು, "ಕೂತ್ಕಳಿ ಯಜಮಾನ್ರೇ" ಅಂದರು. ಇವರು ಕೂತರು. ಎದುರಿಗೆ ಒಬ್ಬರು ಅವರೆಕಾಯಿ ರಾಶಿ ಹಾಕಿಕೊಂಡಿದ್ದರು. ಒಂದು ಹಿಡಿ ಎತ್ತಿ, ಒಂದು ಕಾಯಿ ಬಿಡಿಸಿ, ಕಾಳು ನೋಡಿ, ಬೆರಳು ಮೂಗಿನ ಹತ್ತಿರ ಹಿಡಿದರು. ಸೊಗಡು ಚೆನ್ನಾಗಿತ್ತು. ಆಮೇಲೆ ಒಂದೊಂದೇ ಆರಿಸಲು ಶುರು ಮಾಡಿದರು. ತುಂಬಿದ ಕಾಯಿ ಈ ಕಡೆ, ಹುಳ ಇರುವುದು ಆ ಕಡೆ. ಡ್ರೈವರ್ ಎರಡು ಸಲ ಬಂದು ಹೊತ್ತಾಯಿತು ಅಂದರು. ಇನ್ನರ್ಧ ಕೆಜಿ, ಇನ್ನರ್ಧ ಕೆಜಿ ಅಂತ ಮೂರು ಕೆಜಿ ಆಯಿತು. ಮಧ್ಯಾಹ್ನ ಊಟದ ಹಾಲಿನಲ್ಲಿ ಏಳೆಂಟು ಜನ ಕೂತು ಅವರೆಕಾಯಿ ಬಿಡಿಸಿದೆವು. ನೆನೆಸಿದ ಕಾಳು ಹಿತುಕುವ ಕೆಲಸ ಗಂಡಸರು ಮಾಡಿದರು.

ಈ ಕಡೆ ಇರುವವರು ಗುರುವಾರ ಬೆಳಗ್ಗೆ ಹೋಗುವುದಾದರೆ ಚಿಲ್ಲರೆ ಇಟ್ಟುಕೊಳ್ಳಿ, ಸೊಪ್ಪಿನ ಅಜ್ಜಿಯರಲ್ಲಿ ಎಲ್ಲರ ಹತ್ತಿರ ಫೋನ್‌ಪೇ ಇಲ್ಲ. ಎರಡು ಸಣ್ಣ ಚೀಲ ಒಯ್ಯಿರಿ, ಒಂದು ದೊಡ್ಡ ಚೀಲ ಬೇಡ, ಎರಡೂ ಕೈಗೆ ಭಾರ ಸಮ ಇರುತ್ತದೆ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ. ಮನೆಯಿಂದ ಹೊರಡುವ ಮೊದಲೇ ಬಾತ್‌ರೂಮಿಗೆ ಹೋಗಿ. ಹತ್ತಿರದಲ್ಲಿ ಎಲ್ಲಿ ವ್ಯವಸ್ಥೆ ಇದೆ ಅಂತ ಇಳಿದ ತಕ್ಷಣ ವಿಚಾರಿಸಿಟ್ಟುಕೊಳ್ಳಿ. ನಂಜರಾಜ ಬಹದ್ದೂರ್ ಛತ್ರದಲ್ಲಿ ಗೆಡ್ಡೆ ಗೆಣಸು ಮೇಳ, ದೇಸಿ ಬೀಜದ ಮೇಳ ನಡೆಯುತ್ತಿರುತ್ತವೆ. ಮುಂದಿನದು ಗೊತ್ತಾದ ಕೂಡಲೇ ವ್ಯಾನ್ ಕೇಳುವುದು ಅಂತ ಇವರು ಈಗಲೇ ಅರ್ಜಿ ಬರೆದಿಟ್ಟಿದ್ದಾರೆ. ಕೆಳಗೆ ಒಂಬತ್ತು ಸಹಿ ಆಗಿವೆ, ಹತ್ತನೆಯದಕ್ಕೆ ಬಂಡಿಪಾಳ್ಯದ ಟೊಮೆಟೊಗೆ ಮುನಿಸಿಕೊಂಡಿದ್ದವರನ್ನು ಕೇಳಬೇಕು.